ಬೇಲಿ ಹಾರಿದ ಚುಕ್ಕೆ

ನಮ್ಮ ಆಯಿ, ಅಂದರೆ ಅಜ್ಜಿ, ಹೇಳುವ ಕತೆಗಳಲ್ಲಿ ರಾಜನ ಮಗನಿಗೆ ಯಾವುದೂ ಸುಮ್ಮನೆ ಸಿಗುವುದಿಲ್ಲ. ಅವನು ಏಳು ಬಾಗಿಲು ದಾಟಬೇಕು, ಪ್ರತಿ ಬಾಗಿಲಲ್ಲೂ ಒಬ್ಬ ಕಾವಲುಗಾರ, ಪ್ರತಿ ಕಾವಲುಗಾರನಿಗೂ ಒಂದೊಂದು ಬೇಡಿಕೆ. ಒಬ್ಬನಿಗೆ ಹುಲಿಯ ಹಾಲು, ಒಬ್ಬನಿಗೆ ಕಡಲಿನ ತಳದ ಮರಳು, ಮತ್ತೊಬ್ಬನಿಗೆ ನೆಲಕ್ಕೆ ತಾಗದ ಮಳೆನೀರು. ಚಿಕ್ಕವಳಿದ್ದಾಗ ನನಗೆ ಆ ಕಾವಲುಗಾರರನ್ನು ಕಂಡರೆ ಆಗುತ್ತಿರಲಿಲ್ಲ. ಹುಲಿಯ ಹಾಲು ಅವನಿಗೆ ಯಾಕೆ ಬೇಕು, ಚಹಾ ಕಾಸಲಿಕ್ಕೇ ಎಂದು ಕೇಳುತ್ತಿದ್ದೆ. ಆಯಿ ತಲೆಗೆ ಮೊಟಕಿ, ಬಾಗಿಲು ಅಂದ ಮೇಲೆ ಕಾವಲು ಇರಬೇಕು, ಇಲ್ಲದಿದ್ದರೆ ಅದು ಬರೀ ತೂತು ಎನ್ನುತ್ತಿದ್ದಳು.

ಇಪ್ಪತ್ತಾರನೆಯ ವಯಸ್ಸಿನಲ್ಲಿ, ರಬಕವಿಯಲ್ಲಿ ಒಂದು ರಕ್ತ ತಪಾಸಣೆಯ ಲ್ಯಾಬ್ ತೆರೆಯಲು ನೋಂದಣಿಗೆ ಅರ್ಜಿ ಹಾಕಿದಾಗ ಆ ಮಾತು ನೆನಪಾಯಿತು. ನನ್ನ ಬಾಗಿಲುಗಳು ಏಳಕ್ಕಿಂತ ಹೆಚ್ಚಿದ್ದವು. ಓದಿದ ಪ್ರಮಾಣಪತ್ರ, ಪ್ಯಾರಾಮೆಡಿಕಲ್ ಮಂಡಳಿಯ ನೋಂದಣಿ, ಜಾಗದ ಕರಾರು, ಕೋಣೆಯ ನಕಾಶೆ, ಮಾಲಿನ್ಯ ಮಂಡಳಿಯ ಒಪ್ಪಿಗೆ, ಬಳಸಿದ ಸೂಜಿ ಮತ್ತು ರಕ್ತದ ಬಟ್ಟೆಯನ್ನು ಒಯ್ಯುವವರ ಕರಾರು, ಬೆಂಕಿ ಆರಿಸುವ ಸಿಲಿಂಡರಿನ ಚೀಟಿ, ಕಸಕ್ಕೆ ಹಳದಿ, ಕೆಂಪು, ನೀಲಿ, ಬಿಳಿ ಡಬ್ಬಿ, ಹೊರಗೆ ಕನ್ನಡದಲ್ಲಿ ಫಲಕ. ಎಲ್ಲಕ್ಕಿಂತ ಕಡೆಯ ಮತ್ತು ಎತ್ತರದ ಬಾಗಿಲಲ್ಲಿ ಜಮಖಂಡಿಯ ಡಾಕ್ಟರ್ ಪ್ರತಿಮಾ ಮೇಡಂ ಕೂತಿದ್ದರು. ರಕ್ತ ತೆಗೆದು ಯಂತ್ರಕ್ಕೆ ಹಾಕುವುದನ್ನು ನಾನು ಕಲಿತಿದ್ದೆ, ಆದರೆ ವರದಿಗೆ ಸಹಿ ಹಾಕಲು ಪೆಥಾಲಜಿ ಓದಿದ ಡಾಕ್ಟರೇ ಬೇಕು. ಅವರು ಒಪ್ಪಿಗೆಯ ಪತ್ರ ಕೊಡುವಾಗ ಒಂದು ಷರತ್ತು ಹಾಕಿದ್ದರು.

"ಶೇವಂತಿ, ತಪಾಸಣಿಗೆ ಬರೂದಕ್ಕಿಂತ ಮೊದಲ ಒಂದು ತಿಂಗಳು ದಿನಾ ಕಂಟ್ರೋಲ್ ಓಡಸು. ಒಂದ್ ದಿನಾನೂ ಬಿಡಬಾರದು. ರಿಜಿಸ್ಟರ್ ನಾ ನೋಡ್ತೇನಿ. ಒಂದ ಒಂದು ಅಂಕಿ ಕೈಯಿಂದ ಹುಟ್ಟಿಸಿದ್ದಿ ಅಂತ ಅನಸ್ತೋ, ಪತ್ರಾ ವಾಪಸ್ ತೊಗೋತೇನಿ."

ಕಂಟ್ರೋಲ್ ಎಂದರೆ ಉತ್ತರ ಗೊತ್ತಿರುವ ಒಗಟು. ಕಂಪನಿಯವರು ಒಣಗಿಸಿದ ಸೀರಮ್ಮನ್ನು ಚಿಕ್ಕ ಸೀಸೆಯಲ್ಲಿ ಕಳಿಸುತ್ತಾರೆ. ಡಿಸ್ಟಿಲ್ಡ್ ನೀರು ಬೆರೆಸಿ ಯಂತ್ರಕ್ಕೆ ಕೊಟ್ಟರೆ, ಕಾಮಣಿ, ಅಂದರೆ ಕಾಮಾಲೆ ರೋಗ, ನೋಡುವ ಬಿಲಿರುಬಿನ್ನಿನ ಅಂಕಿ ೦.೯ರಿಂದ ೧.೫ರ ಒಳಗೆ ಬರಬೇಕೆಂದು ಅವರೇ ಬರೆದಿರುತ್ತಾರೆ. ಬಂದರೆ ಯಂತ್ರ ನಿಜ ಹೇಳುತ್ತಿದೆ. ಬಾರದಿದ್ದರೆ ಆ ದಿನ ಯಾರ ರಕ್ತವನ್ನೂ ಮುಟ್ಟುವಂತಿಲ್ಲ. ನಾನು ಚೌಕುಳಿ ಹಾಳೆಯ ಮೇಲೆ ಕೆಳಗೊಂದು ಮೇಲೊಂದು ಗೆರೆ ಎಳೆದು, ದಿನಕ್ಕೊಂದು ಚುಕ್ಕೆ ಇಡುತ್ತಿದ್ದೆ. ಕೆಲವು ಚುಕ್ಕೆಗಳು ಸ್ವಲ್ಪ ಮೇಲೆ, ಕೆಲವು ಸ್ವಲ್ಪ ಕೆಳಗೆ. ಸಂಜೆ ಸುಮ್ಮನೆ ಅವನ್ನೇ ನೋಡುತ್ತ ಕೂತರೆ ಎರಡು ಬೇಲಿಗಳ ನಡುವೆ ಕುರಿಗಳು ಸಾಲಾಗಿ ಹೊರಟಂತೆ ಕಾಣುತ್ತಿತ್ತು. ನಮ್ಮದು ಬೀಳಗಿ ತಾಲೂಕಿನ ಕುರಿ ಕಾಯುವ ಮನೆತನ. ಅಪ್ಪ ಈಗ ಬಾಡಗಂಡಿಯ ಕಾರ್ಖಾನೆಯಲ್ಲಿ ಸಂಬಳದ ಮನುಷ್ಯ, ಆದರೆ ನನ್ನ ಕಣ್ಣು ಎಲ್ಲಿ ನೋಡಿದರೂ ಕುರಿಯನ್ನೇ ಹುಡುಕುತ್ತದೆ.

ಲ್ಯಾಬಿನ ಕೋಣೆ ಪರಮಾನಂದ ಕಾಕಾನದು. ಹತ್ತು ವರ್ಷ ಅಲ್ಲಿ ನಾಲ್ಕು ಪವರ್‌ಲೂಮ್ ಓಡಿದ್ದವು. ಸುಣ್ಣ ಬಳಿದು, ಟೈಲ್ಸ್ ಹಾಕಿದರೂ ಮಳೆ ಬಂದ ದಿನ ಗೋಡೆಯಿಂದ ಮಗ್ಗದ ಎಣ್ಣೆಯ ವಾಸನೆ ಹೊರಡುತ್ತಿತ್ತು. ಗೋಡೆಯ ಆಚೆ ಇನ್ನೂ ಆರು ಮಗ್ಗಗಳು ಇದ್ದವು. ಕಾಕಾ ಒಳ್ಳೆಯವನು, ಆದರೆ ಅವನ ಅಳಿಯ ಕಾಮಣ್ಣ ಹೊಸ ನಮೂನೆಯ ಎರಡು ಮಗ್ಗಗಳನ್ನು ಗೊತ್ತುಮಾಡಿದ್ದ. ಅವನ್ನು ಹೂಡಲು ಇದೇ ಕೋಣೆ ಬೇಕೆಂದು ಹಟ ಹಿಡಿದಿದ್ದ.

"ಖಂಡೇ ಪೂಜಿ ತನಕಾ ನೋಡ್ತೇನಿ ತಂಗಿ," ಎಂದಿದ್ದ ಕಾಕಾ. "ಅಷ್ಟರೊಳಗ ನಿನ್ನ ಸರ್ಟಿಫಿಕೇಟ್ ಬಂತೋ, ಕೋಲಿ ನಿಂದ. ಬರಲಿಲ್ಲೋ, ಪೂಜಿ ದಿನಾ ಮಗ್ಗ ಬಂದು ನಿಂದರ್ತಾವು. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ."

ರಬಕವಿಯಲ್ಲಿ ಮಗ್ಗವಿಲ್ಲದ, ನೀರು ಮತ್ತು ಬೆಳಕು ಎರಡೂ ಇರುವ ಇನ್ನೊಂದು ಕೋಣೆಯನ್ನು ನಾನು ಎಂಟು ತಿಂಗಳು ಹುಡುಕಿ ಸೋತಿದ್ದೆ. ಜಾಗ ಬದಲಾದರೆ ಅರ್ಜಿಯೂ ಬದಲು, ಎಲ್ಲ ಬಾಗಿಲುಗಳೂ ಮತ್ತೆ ಮೊದಲಿನಿಂದ. ತಪಾಸಣೆಯ ದಿನ ಗುರುವಾರ ಎಂದು ಗೊತ್ತಾಯಿತು. ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅಲ್ಲಿಂದ ಹನ್ನೆರಡು ದಿನ.

ಮಂಗಳವಾರ ಮಧ್ಯಾಹ್ನ ಆಯಿ ಬಂದಳು. ಹೆಸರು ಕೆಂಪವ್ವ, ಎಪ್ಪತ್ತೆಂಟು ದಾಟಿದೆ. ಒಂದು ಕೈಯಲ್ಲಿ ಮೊಸರಿನ ಡಬ್ಬಿ, ಇನ್ನೊಂದು ಕೈಯಲ್ಲಿ ಕಂಬಳಿಯ ಗಂಟು. ಹೊಸ್ತಿಲಲ್ಲಿ ನಿಂತು ಕೋಣೆಯನ್ನು ಕಣ್ಣಿನಿಂದ ಅಳೆದಳು.

"ಇದೇನ ನಿನ್ನ ರಕ್ತದ ಅಂಗಡಿ?"

"ಹೂಂ ಆಯಿ. ಇನ್ನೂ ಕಾಗದಾ ಬಂದಿಲ್ಲ."

"ತಿಮ್ಮಾಪುರದಾಗ ನಾಯಿ ಮರಿಗೂ ಕಾಗದಾ ಕೊಡ್ತಾರಂತ, ಇದು ಖರೆ ಮುಧೋಳ ನಾಯಿ ಅಂತ. ನೀ ಅದಕಿಂತ ಕಡಿಮಿ ಆದೇನು?"

"ನಾಯಿ ಓಡಿ ತೋರಸ್ತೈತಿ ಬೇ. ನಾ ಅಂಕಿ ತೋರಸ್ಬೇಕು."

ಅವಳು ಮೊದಲು ಮಾಡಿದ ಕೆಲಸವೆಂದರೆ ಮೊಸರಿನ ಡಬ್ಬಿಯನ್ನು ಔಷಧ ಇಡುವ ಫ್ರಿಜ್ಜಿನೊಳಗೆ ಇಟ್ಟದ್ದು. ನಾನು ಓಡಿಹೋಗಿ ತೆಗೆದೆ. ಇದರಲ್ಲಿ ತಿನ್ನುವ ಪದಾರ್ಥ ಇಟ್ಟರೆ ಸಾಹೇಬರು ಬರೆದುಕೊಂಡು ಹೋಗುತ್ತಾರೆ ಎಂದೆ. ಮೊಸರಿಗೆ ಜಾಗ ಇಲ್ಲದ ಪೆಟ್ಟಿಗೆ ಅದೆಂಥ ಪೆಟ್ಟಿಗೆ ಎಂದು ಅವಳು ಗೊಣಗಿದಳು. ಆಮೇಲೆ ಒಂದೊಂದನ್ನೇ ತೋರಿಸಿದೆ. ರಕ್ತವನ್ನು ಗರಗರ ತಿರುಗಿಸುವ ಯಂತ್ರ, ತಿರುಗಿ ನಿಂತಾಗ ಕೊಳವೆಯಲ್ಲಿ ಕೆಂಪು ಕೆಳಗಿಳಿದು ಮೇಲೆ ಹೊನ್ನಿನ ಬಣ್ಣದ ನೀರು ನಿಲ್ಲುವುದು, ಆ ಹೊನ್ನಿನ ನೀರನ್ನು ಹೀರಿ ಅಂಕಿ ಹೇಳುವ ದೊಡ್ಡ ಯಂತ್ರ. ಆಯಿಗೆ ತಿಳಿಯುವ ಹಾಗೆ ಹೇಳಬೇಕಲ್ಲ, ಅದಕ್ಕೆ ಕತೆಯ ಧಾಟಿಯಲ್ಲೇ ಹೇಳಿದೆ: ಇದಕ್ಕೆ ಬಾವಿಯ ನೀರು ಆಗದು, ಕೃಷ್ಣೆಯ ನೀರೂ ಆಗದು. ಆ ಕಂದು ಬಾಟಲಿಯ ಡಿಸ್ಟಿಲ್ಡ್ ನೀರನ್ನಷ್ಟೇ ಕುಡಿಯುತ್ತದೆ.

"ಭಾಳ ಲಾಡಿನ ಜೀವ," ಎಂದಳು ಆಯಿ. ಯಂತ್ರದ ಬೆನ್ನನ್ನು ಟಗರಿನ ಬೆನ್ನು ಸವರುವಂತೆ ಒಮ್ಮೆ ಸವರಿದಳು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಕಂಟ್ರೋಲ್ ಬೆರೆಸಿ ಯಂತ್ರಕ್ಕೆ ಕೊಟ್ಟೆ. ಅದು ಗುಟುಕರಿಸಿತು, ಯೋಚಿಸಿತು, ಅಂಕಿ ತೋರಿಸಿತು. ೩.೮.

ನನ್ನ ಕಣ್ಣೇ ತಪ್ಪು ಓದಿರಬೇಕು ಎಂದುಕೊಂಡೆ. ಮತ್ತೆ ಓಡಿಸಿದೆ. ೩.೮. ಕೊಳವೆ ತೊಳೆದೆ, ಔಷಧದ ಹೊಸ ಪೊಟ್ಟಣ ಒಡೆದೆ, ಉಳಿದಿದ್ದ ಕಡೆಯ ಕಂಟ್ರೋಲ್ ಸೀಸೆಯನ್ನೂ ತೆಗೆದು ಹೊಸದಾಗಿ ಬೆರೆಸಿದೆ. ೩.೯. ಇಪ್ಪತ್ತೆಂಟು ದಿನ ಬೇಲಿಯೊಳಗೆ ತಲೆತಗ್ಗಿಸಿ ನಡೆದ ಕುರಿಗಳು, ಇಪ್ಪತ್ತೊಂಬತ್ತನೆಯದು ಮಾತ್ರ ಹಾರಿ ಮುಂದಿನ ಊರಿಗೇ ಹೋಗಿತ್ತು. ಈ ಯಂತ್ರದ ಮಾತು ನಂಬಿದರೆ ಇಡೀ ರಬಕವಿಗೆ ಕಾಮಣಿ ಹಿಡಿಯುತ್ತದೆ.

ಯಂತ್ರ ರಿಪೇರಿ ಮಾಡುವ ಅಮೋಲನಿಗೆ ಫೋನು ಹಚ್ಚಿದೆ.

"ಅಕ್ಕಾರ, ಲ್ಯಾಂಪ್ ಹೋಗಿರಬೇಕ ನೋಡ್ರಿ," ಎಂದ. "ನಾ ಈಗ ಸಾಂಗ್ಲಿಯೊಳಗ ಅದೀನಿ. ಸೋಮವಾರ ಬರ್ತೇನಿ."

"ನಾಳೆ ತಪಾಸಣಿ ಐತೋ ಅಮೋಲ."

"ಹಂಗಾರ ಒಂದು ಪಾಯಿಂಟ್ ಎರಡು ಅಂತ ಬರದ ಬಿಡ್ರಿ. ಆ ರಿಜಿಸ್ಟರ್ ಯಾರ್ ಓದ್ತಾರ? ಡಬ್ಬಿ ಬಣ್ಣಾ ನೋಡ್ತಾರ, ಸಿಲಿಂಡರ್ ನೋಡ್ತಾರ, ಚಾ ಕುಡದು ಹೋಗ್ತಾರ."

"ನಾಳೆ ಅವರ ಮುಂದನ ಓಡಸು ಅಂದ್ರ?"

"ಕರೆಂಟ್ ಇಲ್ಲ ಅನ್ರಿ. ರಬಕವಿಯೊಳಗ ಕರೆಂಟ್ ಇಲ್ಲಂದ್ರ ಯಾರ್ ನಂಬಂಗಿಲ್ಲ?"

ಫೋನು ಇಟ್ಟಾಗ ಪರಮಾನಂದ ಕಾಕಾ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನೂ ಅದನ್ನೇ ಹೇಳಿದ. ಸೀರೆಯ ಒಡಲಲ್ಲಿ ಒಂದು ಎಳೆ ತಪ್ಪಿದರೆ ನೇಕಾರ ಬಿಚ್ಚುತ್ತ ಕೂಡುವುದಿಲ್ಲ, ಮಡಿಕೆಯ ಒಳಗೆ ಹಾಕಿ ಮಡಚುತ್ತಾನೆ. ನೀನೂ ಹಂಗ ಮಡಚು ಎಂದು ಹೇಳಿ ಹೋದ.

ನಾನು ರಿಜಿಸ್ಟರಿನ ಮುಂದೆ ಕೂತೆ. ಪೆನ್ನಿನ ಮೊನೆ ಅದರ ಚೌಕುಳಿ ಹಾಳೆಯಲ್ಲಿ ಒಂದು ಪಾಯಿಂಟ್ ಎರಡರ ಮನೆಯ ಮೇಲೆ ಬಂದು ನಿಂತಿತು. ಒಂದು ಚುಕ್ಕೆ, ಸಾಸಿವೆ ಕಾಳಿನಷ್ಟು. ಆ ಇಪ್ಪತ್ತೆಂಟರಲ್ಲಿ ಯಾವುದು ಯಾವ ದಿನದ್ದು ಎಂದು ನನಗೆ ನೋಡದೆಯೇ ಗೊತ್ತಿತ್ತು. ಮಳೆ ಜೋರಾಗಿ ಬಂದ ದಿನದ್ದು ಸ್ವಲ್ಪ ಕೆಳಗೆ, ಕೋಣೆ ಕಾದ ದಿನದ್ದು ಸ್ವಲ್ಪ ಮೇಲೆ. ಅವುಗಳ ನಡುವೆ ಹುಟ್ಟಿಸಿದ ಚುಕ್ಕೆಯೊಂದನ್ನು ಬಿಟ್ಟರೆ ಉಳಿದವು ಅದನ್ನು ಮೂಸಿ ನೋಡುತ್ತವೆ ಅನ್ನಿಸಿತು.

"ಏನ ಬರಿಯಾಕತ್ತಿ, ಪೆನ್ನ ಗಾಳ್ಯಾಗ ಹಿಡದೀಯಲ್ಲ?" ಆಯಿ ಸ್ನಾನ ಮಾಡಿ, ಹಣೆ ತುಂಬ ದೇವರ ಭಂಡಾರ ಹಚ್ಚಿಕೊಂಡು ಬಂದು ಎದುರಿಗೆ ಕೂತಳು. ಅವಳಿಗೆ ಅಕ್ಷರ ಬಾರದು. ಆದರೆ ಹಾಳೆಯನ್ನು ನೋಡಿದ ಕೂಡಲೇ, "ಕುರಿ ಸಾಲು," ಎಂದಳು.

ನನಗೆ ಅಳು ಬಂತು, ಅದರ ಹಿಂದೆ ನಗುವೂ ಬಂತು. ಎಲ್ಲ ಹೇಳಿದೆ. ಒಂದು ಕುರಿ ಬೇಲಿ ಹಾರಿದೆ, ಯಾಕೆ ಹಾರಿತೋ ತಿಳಿಯದು, ನಾಳೆಯೂ ಹಾರಿದರೆ ಈ ಕೋಣೆ ಮಗ್ಗದ ಪಾಲಾಗುತ್ತದೆ.

"ಹಾರಿದ್ದನ್ನ ಹಾರಿಲ್ಲ ಅಂದ್ರ ಅದು ತಿರಿಗಿ ಬರ್ತೈತೇನ?" ಎಂದಳು ಆಯಿ. "ಕುರಿ ಸುಮ್ಮಸುಮ್ಮನ ಹಾರಂಗಿಲ್ಲ. ನಿನ್ನೆ ಎಲ್ಲಿ ಮೇದಿತ್ತು, ಯಾರ ಕಾಯ್ದಿದ್ರು, ಏನ ಕುಡದಿತ್ತು, ಒಂದೊಂದ ಕೇಳಕೋತ ಹೋಗ್ಬೇಕ. ಹೇಳು. ಮೇವು ಬದಲಾಗೇತೇನು?"

"ಇಲ್ಲ. ಔಷಧ ಅದ."

"ಜಾಗಾ?"

"ಜಾಗಾನೂ ಅದ."

"ಯಾರರ ಮುಟ್ಟ್ಯಾರೇನು?"

"ಯಾರೂ ಇಲ್ಲ. ನೀ ಒಮ್ಮೆ ಬೆನ್ನ ಸವರಿದ್ದಿ, ಅಷ್ಟ."

"ನೀರು?"

"ನೀರೂ ಅದ ಬೇ, ಆ ಕಂದು ಬಾಟ್ಲಿದು."

ಆಚೆ ಮಗ್ಗಗಳು ಖಟಾಖಟ್ ಅನ್ನುತ್ತಿದ್ದವು. ಆಯಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಆಯಿ," ಎಂದೆ. "ಏನ ಮಾಡಿದಿ?"

"ಮೊದಲನೇ ಸಲಾ ಮನಿಗೆ ಬಂದ ಜೀವ ಅಲ್ಲೇನ ಅದು?"

ನಮ್ಮ ಮನೆಯ ರೂಢಿ ನನಗೆ ಗೊತ್ತಿಲ್ಲದ್ದಲ್ಲ. ಹಿಂಡಿಗೆ ಹೊಸ ಟಗರು ಬಂದರೆ ಅದು ಕುಡಿಯುವ ಮೊದಲ ನೀರಿಗೆ ಬೀರಪ್ಪನ ಗುಡಿಯ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ಒಂದು ಚಿಟಿಕೆ ಹಾಕುತ್ತಾರೆ. ಹಾಗೆ ಕುಡಿದ ಟಗರು ಹಿಂಡು ಬಿಟ್ಟು ಹೋಗದು, ಅದಕ್ಕೆ ಕಣ್ಣು ತಾಗದು.

"ಚಿಟಿಕಿ ಹಾಕಿದೇನು?"

"ಚಿಟಿಕಿ ಟಗರಿಗೆ. ಇದು ದೊಡ್ಡ ಯಂತ್ರ, ದೊಡ್ಡ ಊರು." ಅವಳ ದನಿ ಇಳಿಯಿತು. "ಮೂರ ಬೆರಳ ತುಂಬ ಹಾಕೀನಿ. ಛಲೋತ್ನಂಗ ಅಲ್ಲಾಡಿಸೀನಿ."

ನಾನು ಎದ್ದು ಹೋಗಿ ಕಂದು ಬಾಟಲಿಯನ್ನು ಬಿಳಿ ಬೋಗುಣಿಗೆ ಬಗ್ಗಿಸಿದೆ. ಮದುವೆಯ ಮನೆಯಲ್ಲಿ ಮದುಮಗಳ ಮೇಲೆ ಹೊಯ್ಯುತ್ತಾರಲ್ಲ, ಅಂಥದೇ ಅರಿಷಿಣದ ನೀರು. ಬಾಟಲಿಯ ಬಣ್ಣ ಅದನ್ನು ಮುಚ್ಚಿತ್ತು, ಕಂಟ್ರೋಲ್ ಸೀರಮ್ಮಿನ ಸ್ವಂತ ಹಳದಿ ಅದರ ಹಳದಿಯನ್ನು ಮುಚ್ಚಿತ್ತು. ಯಂತ್ರವೊಂದೇ ಮೋಸ ಹೋಗಿರಲಿಲ್ಲ. ಹಳದಿ ಹೆಚ್ಚಾಗಿದೆ, ಹಳದಿ ಹೆಚ್ಚಾಗಿದೆ ಎಂದು ಬೆಳಗಿನಿಂದ ಮೂರು ಸಲ ಹೇಳಿತ್ತು. ಲ್ಯಾಂಪು ಹೋಗಿರಲಿಲ್ಲ, ಏನೂ ಕೆಟ್ಟಿರಲಿಲ್ಲ. ನಾನು ಬೋಗುಣಿಯ ಮುಂದೆ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಯಿ ಮೊದಲು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆ ತಾನೂ ನಕ್ಕಳು.

ನೀರು ಔಷಧದ ಅಂಗಡಿಯಲ್ಲಿ ಸಿಕ್ಕಿತು. ಆದರೆ ಕಂಟ್ರೋಲ್ ಸೀಸೆಗಳು ಮುಗಿದಿದ್ದವು. ಸಿಗುವುದಾದರೆ ಜಮಖಂಡಿಯಲ್ಲಿ ಪ್ರತಿಮಾ ಮೇಡಂ ಹತ್ತಿರ ಮಾತ್ರ. ಅಲ್ಲಿಗೆ ಹೋದರೆ ರಿಜಿಸ್ಟರ್ ತೋರಿಸಬೇಕು, ಕಾರಣ ಹೇಳಬೇಕು. ನಾನು ಆ ಇಪ್ಪತ್ತೊಂಬತ್ತನೆಯ ಚುಕ್ಕೆಯನ್ನು ಅದು ಇರಬೇಕಾದ ಜಾಗದಲ್ಲೇ ಇಟ್ಟೆ. ಹಾಳೆ ಅಷ್ಟು ಎತ್ತರಕ್ಕೆ ಇರಲಿಲ್ಲ. ಮೇಲೊಂದು ತುಂಡು ಕಾಗದ ಅಂಟಿಸಿ, ಅದರ ತುದಿಯಲ್ಲಿ ಕೆಂಪು ಚುಕ್ಕೆ ಇಟ್ಟು, ಮಡಚಿದೆ. ಕಾಕಾ ಹೇಳಿದ ಮಡಿಕೆ ಇದಲ್ಲ, ಆದರೂ ಮಡಿಕೆಯೇ.

ನಾನೂ ಬರುತ್ತೇನೆ ಎಂದು ಆಯಿ ಹಟ ಹಿಡಿದಳು. ತಪ್ಪು ತನ್ನದು, ಬೈಸಿಕೊಳ್ಳುವ ಹಕ್ಕೂ ತನ್ನದು ಎಂಬುದು ಅವಳ ವಾದ. ಬನಹಟ್ಟಿ ದಾಟಿ ಜಮಖಂಡಿ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ಎಲ್ಲ ಕತೆಯೂ ಗೊತ್ತಾಗಿತ್ತು. ಅದರಲ್ಲಿ ಯಂತ್ರಕ್ಕೆ ಆಗಲೇ ಒಂದು ಹೆಸರು, ಒಂದು ಸ್ವಭಾವ, ಸ್ವಲ್ಪ ಸಿಟ್ಟು ಬಂದಿತ್ತು.

ಪ್ರತಿಮಾ ಮೇಡಂ ರಿಜಿಸ್ಟರ್ ತೆರೆದರು. ಬೆರಳು ಚುಕ್ಕೆಗಳ ಮೇಲೆ ಒಂದೊಂದಾಗಿ ನಡೆದು ಮಡಿಕೆಯ ಹತ್ತಿರ ನಿಂತಿತು. ಬಿಚ್ಚಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವರ ಭುಜ ಅಲ್ಲಾಡುತ್ತಿತ್ತು.

"ಮೇಡಮ್ಮಾರ, ಹುಡಿಗೀದು ತಪ್ಪಿಲ್ರಿ," ಎಂದಳು ಆಯಿ, ಎದ್ದು ನಿಂತು. "ನೀವು ಏನ್ ಅನ್ನೂದೈತಿ ನನಗ ಅನ್ರಿ."

"ಕೂಡ್ರಿ ಅಮ್ಮಾರ. ನಿಮಗ ಏನ್ ಅನ್ನಲಿ ನಾನು." ಮೇಡಂ ನನ್ನ ಕಡೆ ತಿರುಗಿದರು. "ಇಪ್ಪತ್ತು ವರ್ಷ ಆತು ರಿಜಿಸ್ಟರ್ ನೋಡಾಕತ್ತಿ. ಎಷ್ಟೋ ಕಡೆ ಚುಕ್ಕಿ ಎಲ್ಲಾ ಸಾಲಿ ಹುಡುಗರು ಪ್ರಾರ್ಥನಾಕ್ಕ ನಿಂತಂಗ ನಿಂತಿರ್ತಾವು. ಅಂಥಾದ್ದನ್ನ ನೋಡಿದ್ರ ನನಗ ಅಂಜಿಕಿ ಬರ್ತೈತಿ. ಇದನ್ನ ನೋಡಿ ಅಂಜಿಕಿ ಬರಲಿಲ್ಲ."

"ಕಾರಣದ ಖಾನೆಯೊಳಗ ಏನ್ ಬರೀಲ್ರಿ ಮೇಡಂ?"

"ಏನಾತೋ ಅದನ್ನ ಬರಿ. ಮುಂದ ಏನ್ ಮಾಡಿದಿ, ಅದನ್ನೂ ಬರಿ."

ಎರಡು ಸೀಸೆ ಕೊಟ್ಟರು. ಅವನ್ನು ಐಸ್ ತುಂಬಿದ ಥರ್ಮಾಸಿನಲ್ಲಿ ಇಟ್ಟು, ಆಯಿ ಅದನ್ನು ಕಂಬಳಿಯಲ್ಲಿ ಸುತ್ತಿ, ಆಗತಾನೆ ಹುಟ್ಟಿದ ಮರಿಯನ್ನು ತರುವ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳು. ಕಂಬಳಿ ಬಿಸಿ ಮಾಡುವುದಿಲ್ಲವೇ ಎಂದು ಕೇಳಿದೆ. ಕಂಬಳಿ ಬಿಸಿಯನ್ನೂ ಕಾಯುತ್ತದೆ, ತಂಪನ್ನೂ ಕಾಯುತ್ತದೆ, ಏನು ಕೊಟ್ಟರೆ ಅದನ್ನು ಕಾಯುತ್ತದೆ ಎಂದಳು. ರಬಕವಿಯಲ್ಲಿ ತೆರೆದಾಗ ಐಸು ಹಾಗೆಯೇ ಇತ್ತು. ಹೊಸ ನೀರು, ಹೊಸ ಸೀಸೆ. ೧.೨. ಆಯಿ ಹೊಸ್ತಿಲಿನ ಹೊರಗೆ ಕೂತೇ ಕೈಮುಗಿದಳು.

ಗುರುವಾರ ಹನ್ನೊಂದಕ್ಕೆ ತಪಾಸಣೆಯ ಡಾಕ್ಟರ್ ಗಿರಮಲ್ಲಪ್ಪನವರು ಬಂದರು. ಗಿಡ್ಡ ಮನುಷ್ಯ, ಕಂಕುಳಲ್ಲಿ ಫೈಲು, ಕೈಯಲ್ಲಿ ಗುರುತು ಹಾಕುವ ಪಟ್ಟಿ. ಅವರು ಒಳಗೆ ಕಾಲಿಟ್ಟ ಕೂಡಲೇ ಒಂದು ವಿಚಿತ್ರ ನಡೆಯಿತು. ಆಚೆಯ ಆರು ಮಗ್ಗಗಳೂ ನಿಂತವು. ಪರಮಾನಂದ ಕಾಕಾ ತಾನಾಗಿಯೇ ಬಂದ್ ಮಾಡಿಸಿದ್ದ. ಆ ಓಣಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಹಬ್ಬದ ದಿನವೂ ಕೇಳಿರಲಿಲ್ಲ. ಗೋಡೆಯ ಗಡಿಯಾರಕ್ಕೂ ಸದ್ದಿದೆ ಎಂದು ಅವತ್ತೇ ತಿಳಿಯಿತು.

ಸಾಹೇಬರು ನಾಲ್ಕು ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ಸಿಲಿಂಡರಿನ ತಾರೀಖು ಓದಿದರು. ಕೈತೊಳೆಯುವ ನಳ ತಿರುಗಿಸಿದರು, ನೀರು ಬಂತು. ಫ್ರಿಜ್ಜು ತೆರೆದರು, ಮೊಸರು ಇರಲಿಲ್ಲ. ಫಲಕದ ಮೇಲೆ ಡಾಕ್ಟರ್ ಹೆಸರು ನನ್ನ ಹೆಸರಿಗಿಂತ ಮೇಲಿದೆಯೇ ಎಂದು ಹೊರಗೆ ಹೋಗಿ ನೋಡಿಬಂದರು. ಪ್ರತಿ ಸಲವೂ ಪಟ್ಟಿಯ ಮೇಲೆ ಪೆನ್ನು ಕಿರ್ ಎನ್ನುತ್ತಿತ್ತು. ಕಡೆಗೆ ಕುರ್ಚಿಯ ಮೇಲೆ ಕೂತು, "ಕಂಟ್ರೋಲ್ ರಿಜಿಸ್ಟರ್ ಕೊಡ್ರಿ," ಎಂದರು.

ಯಾರು ಓದುತ್ತಾರೆ ಎಂದಿದ್ದನಲ್ಲ ಅಮೋಲ, ಅವನು ಅಲ್ಲಿರಬೇಕಿತ್ತು. ಸಾಹೇಬರು ಮೊದಲ ಪುಟದಿಂದ ಓದಿದರು. ಮಡಿಕೆಯ ಕಾಗದ ಬಿಚ್ಚಿದರು, ಮುಚ್ಚಿದರು, ಮತ್ತೆ ಬಿಚ್ಚಿದರು. ಆಮೇಲೆ ನಾನು ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದರು.

"ಕಾರಣ: ಡಿಸ್ಟಿಲ್ಡ್ ನೀರಿನ ಬಾಟಲಿಗೆ ಆಯಿ ಭಂಡಾರ ಹಾಕಿದ್ದು. ಕ್ರಮ: ಆ ನೀರು ಚೆಲ್ಲಲಾಗಿದೆ. ಕೊಳವೆ ತೊಳೆಯಲಾಗಿದೆ. ಹೊಸ ನೀರು, ಹೊಸ ಕಂಟ್ರೋಲ್. ಫಲಿತಾಂಶ ೧.೨. ಆಯಿಗೆ ತಿಳಿಹೇಳಲಾಗಿದೆ."

ಸಾಹೇಬರು ತಲೆಯೆತ್ತಿದರು. ಮುಖದಲ್ಲಿ ನಗು ಇರಲಿಲ್ಲ.

"ತಿಳಿಹೇಳಲಾಗಿದೆ ಅಂತ ಬರದೀರಿ. ಅವರಿಗೆ ತಿಳಿದೈತೋ ಇಲ್ಲೋ, ಯಾರ್ ನೋಡಿದ್ರು?"

"ಇಲ್ಲೇ ಅದಾಳ್ರಿ," ಎಂದೆ.

"ಕರೀರಿ."

ಆಯಿ ಬಂದು ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

"ಏನಮ್ಮಾ, ಆ ಬಾಟ್ಲಿಯೊಳಗ ಏನೈತಿ?"

"ನೀರ್ರಿ."

"ಬರೇ ನೀರೇನು?"

"ಬರೇ ನೀರ್ರಿ. ಅದರಾಗ ಏನೂ ಇರಬಾರದ್ರಿ. ದೇವರೂ ಇರಬಾರದ್ರಿ."

"ಯಾಕ?"

ಆಯಿ ಬಾಟಲಿಯ ಕಡೆ ಬೆರಳು ತೋರಿದಳು. "ನಾ ಹಾಕಿದ ಅರಿಷಿಣ ಮಂದಿ ರಕ್ತದಾಗ ಕಾಣತೈತ್ರಿ. ಇಲ್ಲದ ಕಾಮಣಿ ಐತಿ ಅಂತೈತ್ರಿ ಅದು. ಯಾವಾಕಿನೋ ಬಸರ ಹೆಣಮಗಳು ಬಂದಿರ್ತಾಳ, ಅಂಜಿ ಸಾಯ್ತಾಳ್ರಿ. ಹಂಗ ಆಗಬಾರದಲ್ರಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಇನ್ನ ಮುಂದ ಎಲ್ಲಿ ಹಾಕ್ತೀರಿ ಭಂಡಾರ?"

"ಹೊರಗಿನ ಚೌಕಟ್ಟಿಗೆ ಹಚ್ಚಿದ್ರ ನಡೀತೈತೇನ್ರಿ?"

"ಚೌಕಟ್ಟಿಗೆ ನಮ್ಮ ಕಾಯ್ದೆ ಅಡ್ಡಿ ಬರಂಗಿಲ್ಲ," ಎಂದರು ಸಾಹೇಬರು. ಮೊದಲ ಸಲ ಅವರ ಮೀಸೆ ಅಲ್ಲಾಡಿತು. ಆಮೇಲೆ ನನ್ನ ಕಡೆ ನೋಡಿ, "ಓಡಸ್ರಿ ನೋಡೂನು," ಎಂದರು.

ಕಂಟ್ರೋಲನ್ನು ಯಂತ್ರಕ್ಕೆ ಕೊಟ್ಟೆ. ಮೂವತ್ತನೆಯ ಕುರಿ. ಯಂತ್ರ ಗುಟುಕರಿಸಿತು. ಓಣಿಯೆಲ್ಲ ಕಿವಿಯಾಗಿ ನಿಂತಿತ್ತು. ಕಿಟಕಿಯಲ್ಲಿ ಕಾಕಾನ ಮುಖ, ಅವನ ಹಿಂದೆ ಕಾಮಣ್ಣನ ಮುಖ, ಅವರ ಹಿಂದೆ ಕಾಕಾನ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವ ಗುರುಬಾಯಿಯ ಮುಖ. ಅಂಕಿ ಬಂತು. ೧.೧.

ಸಾಹೇಬರು ಎರಡು ಕೊರತೆ ಬರೆದರು. ಒಂದು, ನೀರಿನ ಬಾಟಲಿಗೆ ತೆರೆದ ತಾರೀಖಿನ ಚೀಟಿ ಇಲ್ಲ. ಎರಡು, ಕೆಲಸದವರಲ್ಲದವರು ಒಳಗೆ ಬರಬಾರದೆಂಬ ಫಲಕ ಇಲ್ಲ. ಈಗಲೇ ಸರಿಮಾಡಿದರೆ ಸರಿಮಾಡಿದ್ದಾರೆಂದು ಬರೆಯುತ್ತೇನೆ ಎಂದರು. ಅವರು ಚಹಾ ಕುಡಿಯುವಷ್ಟರಲ್ಲಿ ನಾನು ಚೀಟಿ ಅಂಟಿಸಿದೆ. ಗುರುಬಾಯಿ ಸೀರೆಯ ಪೆಟ್ಟಿಗೆಯ ರಟ್ಟು ತಂದಳು, ಕಾಮಣ್ಣನೇ ದಪ್ಪ ಅಕ್ಷರದಲ್ಲಿ ಫಲಕ ಬರೆದ. ಅವನ ಅಕ್ಷರ ಇಡೀ ಓಣಿಯಲ್ಲಿ ಚೆಂದ, ಅದನ್ನು ಯಾರಾದರೂ ಹೊಗಳಿದರೆ ಅವನು ಮಗ್ಗವನ್ನೂ ಮರೆಯುತ್ತಾನೆ.

"ನಾ ಬರದು ಕಳಸ್ತೇನಿ. ಕೊಡೂದು ಬಿಡೂದು ಮ್ಯಾಲಿನವರದು," ಎಂದು ಹೇಳಿ ಸಾಹೇಬರು ಹೋದರು. ಅವರು ಓಣಿಯ ತಿರುವು ದಾಟಿದ್ದೇ ತಡ, ಆರೂ ಮಗ್ಗಗಳು ಒಟ್ಟಿಗೆ ಶುರುವಾದವು.

ಆಮೇಲಿನ ದಿನಗಳನ್ನು ನಾನು ಫೋನು ನೋಡುತ್ತ ಕಳೆದೆ. ಒಂದು ವಾರ ಹೋಯಿತು. ಎಂಟನೆಯ ದಿನ, ಒಂಬತ್ತನೆಯ ದಿನ. ಕಾಮಣ್ಣ ಒಮ್ಮೆ ಬಂದು, ಟೇಪು ಹಿಡಿದು ಬಾಗಿಲಿನ ಅಗಲ ಅಳೆದುಕೊಂಡು ಹೋದ. ನಾನು ಕಂಪನಿಯಿಂದ ಹೊಸ ಸೀಸೆಗಳನ್ನು ತರಿಸಿ, ದಿನವೂ ಕಂಟ್ರೋಲ್ ಓಡಿಸಿ ಚುಕ್ಕೆ ಇಟ್ಟೆ. ಇಡದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೆ ಹಿಂಡನ್ನು ನಡುದಾರಿಯಲ್ಲಿ ಬಿಡಲು ಮನಸ್ಸಾಗಲಿಲ್ಲ. ಆಯಿ ಊರಿಗೆ ಹೋಗಲಿಲ್ಲ. ದಿನವೂ ಹೊಸ್ತಿಲಲ್ಲಿ ಕೂತು, ಬಂದುಹೋಗುವವರಿಗೆ ಒಂದು ಕತೆ ಹೇಳುತ್ತಿದ್ದಳು. ಏಳು ಬಾಗಿಲಿನದೇ ಕತೆ. ಈ ಸಲ ಬಾಗಿಲು ದಾಟುತ್ತಿದ್ದುದು ರಾಜನ ಮಗನಲ್ಲ, ಕುರಿ ಕಾಯುವವರ ಮಗಳು. ಕಡೆಯ ಬಾಗಿಲಲ್ಲಿ ಕಾವಲುಗಾರ ಒಬ್ಬ ಮುದುಕಿಗೆ ಪ್ರಶ್ನೆ ಕೇಳುತ್ತಿದ್ದ, ಮತ್ತು ಆ ಮುದುಕಿ ಬಹಳ ಶಾಣ್ಯಾ ಇದ್ದಳು.

ಖಂಡೇ ಪೂಜೆಯ ಹಿಂದಿನ ದಿನ, ಮಧ್ಯಾಹ್ನ ರೊಟ್ಟಿ ಮುರಿಯುವಾಗ ಫೋನು ಗುಂಯ್ ಎಂದಿತು. ನೋಂದಣಿ ಸಂಖ್ಯೆ, ನನ್ನ ಲ್ಯಾಬಿನ ಹೆಸರು, ಪ್ರತಿಮಾ ಮೇಡಂ ಹೆಸರು, ನನ್ನ ಹೆಸರು. ನಾನು ಎರಡು ಸಲ ಓದಿ, ಮೂರನೆಯ ಸಲ ಆಯಿಗೆ ಓದಿ ಹೇಳಿ, ನಾಲ್ಕನೆಯ ಸಲ ಕಾಕಾನ ಮಗ್ಗದ ಸದ್ದಿನಲ್ಲಿ ಕೂಗಿ ಹೇಳಿದೆ.

ಕಾಕಾ ಮಗ್ಗ ನಿಲ್ಲಿಸಿದ. "ಕಾಮಣ್ಣಾ, ನಿನ್ನ ಮಗ್ಗ ಬನಹಟ್ಟಿ ಶೆಡ್ಡಿಗೆ ಒಯ್ಯಾಕ ಹೇಳೋ. ಇಲ್ಲಿ ಜಾಗಾ ಇಲ್ಲ."

"ನಿನ್ನೆನ ಹೇಳೇನ್ರಿ ಮಾವಾ," ಎಂದ ಕಾಮಣ್ಣ. "ಟೇಪ್ ಹಚ್ಚಿ ನೋಡಿದ್ನಿ. ಬಾಗಿಲ ಸಣ್ಣದೈತಿ."

ಮರುದಿನ ಓಣಿಯಲ್ಲೆಲ್ಲ ಮಗ್ಗಗಳಿಗೆ ಪೂಜೆ. ಆಯಿ ನನ್ನ ಹೊರಗಿನ ಚೌಕಟ್ಟಿಗೆ ಅಂಗೈ ತುಂಬ ಭಂಡಾರ ಬಳಿದಳು. ಗೋಡೆಗೆ ಹಾಕಿದ ಸರ್ಟಿಫಿಕೇಟಿನ ಗಾಜಿಗೂ ಒಂದು ಬೊಟ್ಟು, ಅಕ್ಷರಗಳು ಮುಚ್ಚದ ಹಾಗೆ ಮೂಲೆಯಲ್ಲಿ. ಯಂತ್ರದ ಹತ್ತಿರ ಬರಲಿಲ್ಲ. ಮೊದಲ ರಕ್ತ ತನ್ನದೇ ಆಗಬೇಕೆಂದು ಕೈ ಚಾಚಿದಳು. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿ, ಆತೇನು, ಆತೇನು ಎಂದು ಕೇಳುತ್ತಿದ್ದಳು. ಕಂಟ್ರೋಲ್ ಒಪ್ಪಿದ ಮೇಲೆ ಅವಳದನ್ನು ಓಡಿಸಿದೆ. ಬಿಲಿರುಬಿನ್ ೦.೭. ಮೇಡಂ ಸಹಿ ಹಾಕಿದ ಆ ಮೊದಲ ವರದಿಯನ್ನು ಆಯಿ ಕಂಬಳಿಯ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು. ತಿಮ್ಮಾಪುರದ ನಾಯಿಗೆ ಮಾತ್ರ ಅಲ್ಲ, ತನಗೂ ಈಗ ಕಾಗದ ಇದೆ ಎಂದು ಊರಲ್ಲಿ ತೋರಿಸಲು.

ಅವಳು ಹೋದ ಮೇಲೆ ನೋಡಿದೆ, ಕಂದು ಬಾಟಲಿಯ ಕುತ್ತಿಗೆಗೆ ನನ್ನ ತಾರೀಖಿನ ಚೀಟಿಯ ಮೇಲುಗಡೆ ಕರಿ ಉಣ್ಣೆಯ ಎಳೆಯೊಂದನ್ನು ಕಂಕಣದ ಹಾಗೆ ಕಟ್ಟಿದ್ದಳು. ಓದಲು ಬಾರದವರು ಯಾರಾದರೂ ಬಂದರೆ ಮುಟ್ಟಬಾರದೆಂದು ತಿಳಿಯಲಿ ಎಂದಂತೆ. ಬಾಟಲಿ ಬದಲಾದಾಗಲೆಲ್ಲ ಚೀಟಿಯನ್ನು ಹ್ಯಾಗೆ ಹೊಸದಾಗಿ ಬರೆಯುತ್ತೇನೋ, ಹಾಗೆಯೇ ಆ ಎಳೆಯನ್ನು ಬಿಚ್ಚಿ ಹೊಸ ಬಾಟಲಿಗೆ ಕಟ್ಟುತ್ತೇನೆ.